ಬೀಗ ಹಾಕಿದ ಮನೆಯ ಲೆಕ್ಕ: ಗ್ರಾಮ ಮಟ್ಟದ ಸಾಮಾಜಿಕ ಅಧ್ಯಯನವನ್ನು ಯೋಜಿಸಿ ನಡೆಸುವ ಕ್ರಮ

ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವಾಗ ಸದಸ್ಯರ ಮುಂದಿರುವ ಅಂಕಿ ಅಂಶಗಳು ಬಹುಮಟ್ಟಿಗೆ ಮೇಲಿನ ಕಚೇರಿಗಳಿಂದ ಬಂದವುಗಳಾಗಿರುತ್ತವೆ. ಜನಸಂಖ್ಯೆ, ಮನೆಗಳ ಸಂಖ್ಯೆ, ಶಾಲಾ ದಾಖಲಾತಿ, ಪಡಿತರ ಚೀಟಿಗಳ ಸಂಖ್ಯೆ ಇವೆಲ್ಲ ಅವಶ್ಯಕವೇ. ಆದರೆ ಊರಿನವರೇ ಕಂಡುಕೊಳ್ಳಬೇಕಾದ ಕೆಲವು ಸಂಗತಿಗಳಿಗೆ ಆ ಕಡತಗಳಲ್ಲಿ ಉತ್ತರ ದೊರೆಯುವುದಿಲ್ಲ. ಸುಗ್ಗಿ ಮುಗಿದೊಡನೆ ಗುಳೆ ಹೊರಡುವ ಕುಟುಂಬಗಳ ವಿಷಯ ಅಂತಹದೊಂದು. ಎಷ್ಟು ಕುಟುಂಬಗಳು ಹೋಗುತ್ತವೆ, ಎಂದು ಹೋಗುತ್ತವೆ, ಮಕ್ಕಳನ್ನು ಯಾರ ಬಳಿ ಬಿಟ್ಟು ಹೋಗುತ್ತವೆ ಎಂಬುದು ಊರಿನ ಪ್ರತಿಯೊಬ್ಬರಿಗೂ ಸ್ಥೂಲವಾಗಿ ಗೊತ್ತು. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಈ ಪಾಠದಲ್ಲಿ ಗುಳೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಸಮಾಜ ವಿಜ್ಞಾನಿಗಳು ಅನುಸರಿಸುವ ಅಧ್ಯಯನ ಕ್ರಮವನ್ನು ಒಂದು ಗ್ರಾಮ ಪಂಚಾಯತಿಯು ತನ್ನ ಮಿತಿಯಲ್ಲಿ ಹೇಗೆ ಬಳಸಿಕೊಳ್ಳಬಹುದೆಂಬುದನ್ನು ವಿವರಿಸಲಾಗಿದೆ.

ಇದನ್ನು ಬರೆಯಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಪಂಚಾಯತಿಯಲ್ಲಿ ಇಂತಹದೇ ಸಮೀಕ್ಷೆಗೆ ಮಾರ್ಗದರ್ಶನ ಮಾಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಸಮೀಕ್ಷೆ ನಡೆದದ್ದು ಜನವರಿಯಲ್ಲಿ. ಆಯ್ಕೆಯಾದ ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಯವರನ್ನು ಕೇಳಿ ನಮೂನೆ ಭರ್ತಿ ಮಾಡಿರೆಂದು ಹುಡುಗರಿಗೆ ನಾನೇ ಸೂಚಿಸಿದ್ದೆ. ಎಲ್ಲ ನಮೂನೆಗಳೂ ಭರ್ತಿಯಾಗಿ ಬಂದವು. ವರದಿಯನ್ನು ವಾರ್ಡ್ ಸಭೆಯಲ್ಲಿ ಓದಿದಾಗ ವಯಸ್ಸಾದ ಒಬ್ಬ ತಾಯಿ, “ನಮ್ಮ ಕೇರೀಲಿ ಅರ್ಧ ಮನೀಗೆ ಕೀಲಿ ಬಿದ್ದಾವ್ರೀ ಸಾಹೇಬ್ರ, ನಿಮ್ಮ ಲೆಕ್ಕದಾಗ ಎಲ್ಲಾರೂ ಊರಾಗ ಅದಾರಲ್ಲ” ಎಂದರು. ನಾವು ಹುಡುಕಿಕೊಂಡು ಹೋದ ಸಂಗತಿಯೇ ಆ ಬೀಗದಲ್ಲಿತ್ತು; ನಾವು ಅದನ್ನು ಬಿಟ್ಟು ಪಕ್ಕದ ಬಾಗಿಲು ತಟ್ಟಿದ್ದೆವು.

ಪ್ರಶ್ನೆಯನ್ನು ಕಿರಿದುಗೊಳಿಸುವುದು

ಅಧ್ಯಯನದ ಮೊದಲ ಕೆಲಸ ನಮೂನೆ ಮುದ್ರಿಸುವುದಲ್ಲ, ಪ್ರಶ್ನೆಯನ್ನು ಗೊತ್ತುಪಡಿಸುವುದು. “ನಮ್ಮ ಜನ ಗುಳೆ ಏಕೆ ಹೋಗುತ್ತಾರೆ?” ಎಂಬುದು ಸಭೆಯಲ್ಲಿ ಕೇಳಲು ಯೋಗ್ಯವಾದ ಪ್ರಶ್ನೆ, ಅಧ್ಯಯನಕ್ಕೆ ಯೋಗ್ಯವಲ್ಲ. ಅದಕ್ಕೆ ಬರ, ಸಾಲ, ಕೂಲಿ ದರ, ಮದುವೆಯ ಖರ್ಚು ಹೀಗೆ ನೂರು ಉತ್ತರಗಳು ಬರುತ್ತವೆ, ಎಲ್ಲವೂ ನಿಜವಿರುತ್ತವೆ, ಆದರೆ ಯಾವುದರಿಂದಲೂ ಪಂಚಾಯತಿಯು ಒಂದು ನಿರ್ಣಯಕ್ಕೆ ಬರಲಾಗುವುದಿಲ್ಲ. ಆದುದರಿಂದ ಹಿಂದಿನಿಂದ ಯೋಚಿಸಬೇಕು. ಈ ಅಧ್ಯಯನ ಮುಗಿದ ಮೇಲೆ ಪಂಚಾಯತಿ ಕೈಗೊಳ್ಳಬಹುದಾದ ತೀರ್ಮಾನಗಳು ಯಾವುವು? ಉದ್ಯೋಗ ಖಾತರಿ ಕಾಮಗಾರಿಯನ್ನು ಯಾವ ತಿಂಗಳಿನಲ್ಲಿ ಆರಂಭಿಸಬೇಕೆಂಬುದು ಒಂದು. ಊರಿನಲ್ಲಿ ಉಳಿಯುವ ಮಕ್ಕಳಿಗೆ ಹಂಗಾಮಿನ ವಸತಿ ವ್ಯವಸ್ಥೆಗಾಗಿ ಶಿಕ್ಷಣ ಇಲಾಖೆಯನ್ನು ಕೋರಬೇಕೇ ಎಂಬುದು ಇನ್ನೊಂದು. ಈ ಎರಡು ತೀರ್ಮಾನಗಳಿಗೆ ಬೇಕಾದಷ್ಟನ್ನೇ ಕೇಳಬೇಕು.

ಹಾಗೆ ಕಿರಿದುಗೊಳಿಸಿದಾಗ ಪ್ರಶ್ನೆಯು ಮೂರು ತುಂಡುಗಳಾಗುತ್ತದೆ: ಕಳೆದ ದಸರೆಯಿಂದ ಯುಗಾದಿಯವರೆಗೆ ಯಾವ ಯಾವ ಮನೆಗಳಿಂದ ಯಾರು ಯಾರು ದುಡಿಮೆಗಾಗಿ ಊರು ಬಿಟ್ಟಿದ್ದರು, ಆ ಅವಧಿಯಲ್ಲಿ ಅವರ ಮಕ್ಕಳು ಎಲ್ಲಿದ್ದರು, ಹೊರಡುವ ಮುನ್ನ ಅವರು ಪಂಚಾಯತಿಯಲ್ಲಿ ಕೆಲಸ ಕೇಳಿದ್ದರೇ, ಕೇಳಿದ್ದರೆ ಎಷ್ಟು ದಿನಗಳ ಮೇಲೆ ಕೆಲಸ ದೊರೆಯಿತು. ಮೂರನೆಯದಕ್ಕೆ ಅರ್ಧ ಉತ್ತರ ಪಂಚಾಯತಿ ಕಚೇರಿಯಲ್ಲಿಯೇ ಇದೆ. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಒದಗಿಸಬೇಕೆಂಬುದು ನಿಯಮ. ಅರ್ಜಿ ಸ್ವೀಕರಿಸಿದ ದಿನಾಂಕ ಮತ್ತು ಹಾಜರಿ ಪಟ್ಟಿ ತೆರೆದ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಯಾವ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಕಚೇರಿಯ ದಾಖಲೆಯೂ ಜನರ ಮಾತೂ ಒಂದಕ್ಕೊಂದು ಹೊಂದದಿದ್ದರೆ ಅಲ್ಲಿಯೇ ನಿಂತು ವಿಚಾರಿಸಬೇಕು. ಅರ್ಜಿ ಬರೆದುಕೊಟ್ಟೆವೆಂದು ಜನ ಹೇಳಿ, ಕಚೇರಿಯಲ್ಲಿ ಅರ್ಜಿಯೇ ಇಲ್ಲದಿದ್ದರೆ, ಅರ್ಜಿ ದಾಖಲಾಗಲಿಲ್ಲವೆಂಬುದೇ ಅಧ್ಯಯನದ ಮುಖ್ಯ ಫಲವಾಗಿರಬಹುದು.

ಗುಳೆ ಎಂದರೇನು?

ಈ ಪ್ರಶ್ನೆ ಅನವಶ್ಯಕವೆಂದು ತೋರಬಹುದು. ಆದರೆ ಎಣಿಸಬೇಕಾದ ವಸ್ತುವಿನ ವ್ಯಾಖ್ಯೆಯನ್ನು ಬರೆದಿಟ್ಟುಕೊಳ್ಳದೆ ಎಣಿಕೆಗೆ ಹೊರಟರೆ ಹತ್ತು ಜನ ಹತ್ತು ಬಗೆಯಾಗಿ ಎಣಿಸುತ್ತಾರೆ. ಪಕ್ಕದ ಪಟ್ಟಣಕ್ಕೆ ದಿನವೂ ಹೋಗಿ ಬರುವ ಗೌಂಡಿಯು ಗುಳೆ ಹೋದವನೇ? ಎಂಟು ವರ್ಷಗಳಿಂದ ಬೆಂಗಳೂರಿನಲ್ಲಿದ್ದು ಜಾತ್ರೆಗೆ ಮಾತ್ರ ಬರುವವನು? ಹದಿನೈದು ದಿನ ಮೆಣಸಿನಕಾಯಿ ಬಿಡಿಸಲು ಹೋಗಿ ಬಂದ ಹೆಣ್ಣುಮಗಳು?

ರಾಷ್ಟ್ರೀಯ ಮಾದರಿ ಸಮೀಕ್ಷೆಯಂತಹ ದೊಡ್ಡ ಸಂಸ್ಥೆಯೂ ಇದರಲ್ಲಿ ಒಂದೇ ಅಳತೆಯನ್ನು ಹಿಡಿದು ನಿಂತಿಲ್ಲ. 1999–2000ರ ಸಮೀಕ್ಷೆಯಲ್ಲಿ ದುಡಿಮೆಗಾಗಿ 60 ದಿನ ಅಥವಾ ಅದಕ್ಕಿಂತ ಹೆಚ್ಚು, ಆದರೆ ಆರು ತಿಂಗಳಿಗಿಂತ ಕಡಿಮೆ ಕಾಲ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರೆಂದು ಎಣಿಸಲಾಯಿತು. 2007–08ರಲ್ಲಿ ಆ ಕೆಳಮಿತಿಯನ್ನು ಒಂದು ತಿಂಗಳಿಗೆ ಇಳಿಸಲಾಯಿತು. ಆದುದರಿಂದ ಆ ಎರಡು ವರ್ಷಗಳ ಸಂಖ್ಯೆಗಳನ್ನು ಹಾಗೆಯೇ ಪಕ್ಕದಲ್ಲಿಟ್ಟು ಗುಳೆ ಹೆಚ್ಚಿತು, ಕಡಿಮೆಯಾಯಿತು ಎನ್ನುವಂತಿಲ್ಲ. ನಮ್ಮ ಪಂಚಾಯತಿಗಳಿಗೆ ಒಂದು ತಿಂಗಳ ಮಿತಿಯೇ ಅನುಕೂಲವೆಂದು ನನ್ನ ಅಭಿಪ್ರಾಯ. ಏಕೆಂದರೆ ಒಂದು ತಿಂಗಳು ಶಾಲೆ ತಪ್ಪಿದ ಮಗು ಮರಳಿ ಪಾಠವನ್ನು ಹಿಡಿಯುವುದೇ ಕಷ್ಟ. ಯಾವ ಮಿತಿಯನ್ನೇ ಆರಿಸಿದರೂ ಅದನ್ನು ನಮೂನೆಯ ತಲೆಯ ಮೇಲೆ ಬರೆದಿರಬೇಕು, ಮುಂದಿನ ವರ್ಷವೂ ಅದನ್ನೇ ಬಳಸಬೇಕು.

ಜನಗಣತಿಯಲ್ಲಿ ಇದೆಲ್ಲ ಸಿಗುವುದಿಲ್ಲವೇ ಎಂದು ಸದಸ್ಯರು ಕೇಳುವುದುಂಟು. 2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಮನೆಯಲ್ಲಿ ಇಲ್ಲದವರನ್ನು ಅವರು ಸಿಕ್ಕಿದಲ್ಲಿ ಎಣಿಸಬೇಕೆಂಬುದು ಗಣತಿಯ ಕ್ರಮ. ಫೆಬ್ರವರಿ ಎಂದರೆ ನಮ್ಮ ಒಣ ಪ್ರದೇಶದ ಹಳ್ಳಿಗಳಲ್ಲಿ ಗುಳೆ ತುಂಬಿದ ತಿಂಗಳು. ದೇಶದ ಒಟ್ಟು ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲದಿರಬಹುದು, ಊರಿನ ಲೆಕ್ಕಕ್ಕೆ ಇದೆ.

ಮನೆಗಳ ಪಟ್ಟಿ ಮತ್ತು ಮಾದರಿ

ಮುನ್ನೂರಕ್ಕಿಂತ ಕಡಿಮೆ ಮನೆಗಳಿರುವ ಊರಿನಲ್ಲಿ ಎಲ್ಲ ಮನೆಗಳಿಗೂ ಹೋಗುವುದು ಒಳ್ಳೆಯದು. ಮಾದರಿಯ ಆಯ್ಕೆಯಲ್ಲಿ ಆಗುವ ತಪ್ಪಿಗಿಂತ ನಾಲ್ಕು ದಿನದ ಹೆಚ್ಚುವರಿ ಓಡಾಟವೇ ಮೇಲು. ಅದಕ್ಕಿಂತ ದೊಡ್ಡ ಊರಾದರೆ ಪಟ್ಟಿಯೊಂದನ್ನು ಮಾಡಿ ಅದರಿಂದ ಇಂತಿಷ್ಟು ಮನೆಗಳನ್ನು ಆಯಬೇಕಾಗುತ್ತದೆ.

ಪಟ್ಟಿಗೆ ತೆರಿಗೆ ಬೇಡಿಕೆ ವಹಿಯನ್ನೇ ನಂಬಬಾರದು. ಗೋಮಾಳದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರು, ಹಕ್ಕುಪತ್ರ ಸಿಗದ ತಾಂಡಾದ ಮನೆಗಳು, ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರು ಅದರಲ್ಲಿ ಇರುವುದಿಲ್ಲ. ಗುಳೆ ಹೋಗುವವರು ಹೆಚ್ಚಾಗಿ ಇವರೇ. ಇಬ್ಬರು ಒಂದು ದಿನ ಕೇರಿಯಿಂದ ಕೇರಿಗೆ ನಡೆದು, ಒಲೆಗೊಂದರಂತೆ ಕ್ರಮಸಂಖ್ಯೆ ಕೊಟ್ಟು ಹೊಸ ಪಟ್ಟಿಯನ್ನು ಬರೆಯಬೇಕು. ಬೀಗ ಹಾಕಿದ ಮನೆಗೂ ಸಂಖ್ಯೆ ಕೊಡಬೇಕು.

ಲೆಕ್ಕ ಸುಲಭವಾಗಲೆಂದು ಊಹಿಸಿಕೊಂಡ ಒಂದು ಊರನ್ನು ನೋಡೋಣ. ಪಟ್ಟಿಯಲ್ಲಿ 640 ಮನೆಗಳಿವೆ, 80 ಮನೆಗಳಿಗೆ ಹೋಗಲು ನಮಗೆ ಶಕ್ತಿಯಿದೆ. 640ನ್ನು 80ರಿಂದ ಭಾಗಿಸಿದರೆ 8. ಒಂದರಿಂದ ಎಂಟರವರೆಗಿನ ಚೀಟಿಗಳನ್ನು ಬರೆದು ಒಂದನ್ನು ಎತ್ತಬೇಕು. 5 ಬಂದರೆ 5, 13, 21, 29 ಹೀಗೆ ಎಂಟರ ಅಂತರದಲ್ಲಿ ಕೊನೆಯವರೆಗೆ. ಪಟ್ಟಿಯು ಕೇರಿಗಳ ಅನುಕ್ರಮದಲ್ಲಿ ಇರುವುದರಿಂದ ಪ್ರತಿ ಕೇರಿಗೂ ಅದರ ಗಾತ್ರಕ್ಕೆ ತಕ್ಕಷ್ಟು ಮನೆಗಳು ತಾವಾಗಿಯೇ ಬೀಳುತ್ತವೆ. ಚೀಟಿ ಎತ್ತಿದ ಮೇಲೆ “ಆ ಮನೆಯವರು ಸರಿಯಾಗಿ ಮಾತನಾಡುವುದಿಲ್ಲ, ಇವರನ್ನು ಹಾಕಿಕೊಳ್ಳೋಣ” ಎಂಬ ಸಲಹೆ ಬಂದೇ ಬರುತ್ತದೆ. ಅದನ್ನು ಒಪ್ಪಬಾರದು.

ಆ 80 ಮನೆಗಳಲ್ಲಿ 14ಕ್ಕೆ ಬೀಗವಿದೆಯೆಂದು ಭಾವಿಸೋಣ. ತೆರೆದಿದ್ದ 66 ಮನೆಗಳಲ್ಲಿ 10 ಮನೆಗಳಿಂದ ಯಾರಾದರೂ ಗುಳೆ ಹೋಗಿದ್ದಾರೆ. ಬೀಗದ ಮನೆಗಳಿಗೆ ಬದಲಾಗಿ ಪಕ್ಕದ 14 ಮನೆಗಳಿಗೆ ಹೋದೆವು. ಅವುಗಳಲ್ಲಿ 2 ಮನೆಯವರು ಹೋಗಿದ್ದಾರೆ. ಒಟ್ಟು 12, ಎಂದರೆ 80ಕ್ಕೆ ಶೇಕಡ 15. ಇಡೀ ಊರಿಗೆ ಹಿಗ್ಗಿಸಿದರೆ 96 ಮನೆಗಳು. ಈಗ ಬದಲಿ ಮನೆಗಳನ್ನು ಕೈಬಿಟ್ಟು, ಬೀಗದ ಮನೆಯವರು ಎಲ್ಲಿಗೆ ಹೋದರೆಂದು ನೆರೆಯವರಲ್ಲಿಯೂ ಅಂಗನವಾಡಿ ಕಾರ್ಯಕರ್ತೆಯಲ್ಲಿಯೂ ವಿಚಾರಿಸಿದೆವು. 11 ಮನೆಯವರು ಗುಳೆ ಹೋಗಿದ್ದಾರೆ, 2 ಮನೆಯವರು ಪಟ್ಟಣದಲ್ಲಿಯೇ ನೆಲೆಸಿದ್ದಾರೆ, 1 ಮನೆಯವರು ಮದುವೆಗೆ ಹೋಗಿದ್ದಾರೆ. ಈಗ ಗುಳೆಯ ಮನೆಗಳು 10 ಮತ್ತು 11 ಸೇರಿ 21. ಶೇಕಡ 26ಕ್ಕೆ ತುಸು ಮೇಲೆ. ಊರಿಗೆ ಹಿಗ್ಗಿಸಿದರೆ 168 ಮನೆಗಳು. ಒಂದು ಸಣ್ಣ ಸೂಚನೆಯಿಂದ 72 ಕುಟುಂಬಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಮಕ್ಕಳ ವಸತಿಗೆ ಎಷ್ಟು ಹಾಸಿಗೆ ಬೇಕೆಂದು ಇಲಾಖೆ ಕೇಳಿದಾಗ ನಾವು ಬರೆದುಕೊಡುವ ಸಂಖ್ಯೆ ಇದರ ಮೇಲೆ ನಿಂತಿರುತ್ತದೆ.

ನೆರೆಯವರಿಂದ ಎಲ್ಲಿ, ಎಂದು, ಯಾರು ಎಂಬುದಷ್ಟೇ ತಿಳಿಯುತ್ತದೆ. ಉಳಿದುದನ್ನು ಅವರಿಂದಲೇ ಕೇಳಬೇಕಾದುದರಿಂದ ಅಧ್ಯಯನವನ್ನು ಎರಡು ಸಲಕ್ಕೆ ಹಂಚುವುದು ಯೋಗ್ಯ. ಜನವರಿಯಲ್ಲಿ ಬೀಗಗಳ ಎಣಿಕೆ. ಮುಂಗಾರು ಬಿತ್ತನೆಗೆ ಎಲ್ಲರೂ ಮರಳಿದ ಮೇಲೆ ಅವೇ ಮನೆಗಳಲ್ಲಿ ಕುಳಿತು ಮಾತು.

ಕೇಳುವ ಬಗೆ

“ಊರಿನಲ್ಲಿಯೇ ಕೆಲಸ ಸಿಕ್ಕರೆ ಗುಳೆ ಹೋಗುವುದನ್ನು ಬಿಡುತ್ತೀರಾ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಕೇಳಿದವರಿಗೆ ಬೇಕಾದ ಉತ್ತರವು ಪ್ರಶ್ನೆಯಲ್ಲಿಯೇ ಕುಳಿತಿದೆ. ಮುಂದೆ ಏನು ಮಾಡುವಿರಿ ಎನ್ನುವುದಕ್ಕಿಂತ ಹಿಂದೆ ಏನು ನಡೆಯಿತು ಎಂದು ಕೇಳುವುದರಲ್ಲಿ ಸತ್ಯ ಹೆಚ್ಚು. “ಕಳೆದ ವರ್ಷ ಯಾವಾಗ ಹೊರಟಿರಿ? ಆಗ ಮನೆಯಲ್ಲಿ ಯಾರು ಉಳಿದರು? ಮಕ್ಕಳಿಗೆ ಅಡುಗೆ ಮಾಡಿ ಹಾಕಿದವರು ಯಾರು?” ಇಂತಹ ಪ್ರಶ್ನೆಗಳಿಗೆ ಜನರು ನೆನಪಿನಿಂದ ಉತ್ತರ ಕೊಡುತ್ತಾರೆ, ಊಹೆಯಿಂದಲ್ಲ.

ತಿಂಗಳು ತಾರೀಖುಗಳು ಹಲವರ ನೆನಪಿನಲ್ಲಿ ಇರುವುದಿಲ್ಲ, ಹಬ್ಬಗಳು ಇರುತ್ತವೆ. ದೀಪಾವಳಿಗೆ ಊರಿನಲ್ಲಿದ್ದಿರಾ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಯಾರಿದ್ದರು, ಹೋಳಿ ಹುಣ್ಣಿಮೆಗೆ ಬಂದಿರಾ ಎಂದು ಕೇಳುತ್ತ ಹೋದರೆ ಒಂದು ವಾರದ ಆಚೀಚೆಯಲ್ಲಿ ಕಾಲ ಗೊತ್ತಾಗುತ್ತದೆ. ಮೊಹರಂ ಹಬ್ಬದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಜಾತಿ ಮತಗಳ ಭೇದವಿಲ್ಲದೆ ಅದಕ್ಕೆ ಊರಿಗೆ ಮರಳುವವರು ಬಹಳ. ಆದರೆ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಎರಡು ವರ್ಷಗಳನ್ನು ಹೋಲಿಸುವಾಗ ಅದನ್ನು ಗುರುತಾಗಿ ಹಿಡಿದರೆ ಲೆಕ್ಕ ತಪ್ಪುತ್ತದೆ.

ಯಾರು ಕೇಳಬೇಕೆಂಬುದು ಇನ್ನೂ ಸೂಕ್ಷ್ಮ. ಸದಸ್ಯರು ತಮ್ಮ ವಾರ್ಡಿನಲ್ಲಿ ತಾವೇ ನಮೂನೆ ಹಿಡಿದು ಕೂರುವುದು ತರವಲ್ಲ. ಪಡಿತರ ಚೀಟಿ ರದ್ದಾದೀತೆಂಬ ಭಯವೋ, ಮನೆ ಮಂಜೂರಾದೀತೆಂಬ ಆಸೆಯೋ ಉತ್ತರದೊಳಗೆ ಸೇರಿಕೊಳ್ಳುತ್ತದೆ. ಅರಿವು ಕೇಂದ್ರಕ್ಕೆ ಬರುವ ಪದವಿ ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಮಹಿಳೆಯರು ಈ ಕೆಲಸಕ್ಕೆ ತಕ್ಕವರು. ಒಂದು ವಾರ್ಡಿನವರನ್ನು ಇನ್ನೊಂದು ವಾರ್ಡಿಗೆ ಕಳುಹಿಸಬೇಕು. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ, ಕಟ್ಟೆಯ ಮೇಲಿನ ಗುಂಪಿನಿಂದ ದೂರದಲ್ಲಿ ಮಾತನಾಡಿಸಬೇಕು. ನಮೂನೆಯನ್ನು ಮೊದಲು ಐದಾರು ಮನೆಗಳಲ್ಲಿ ಪರೀಕ್ಷಿಸಿ ನೋಡಿ, ತಡವರಿಸಿದ ಪ್ರಶ್ನೆಯನ್ನು ತಿದ್ದಿಯೇ ಪ್ರತಿಗಳನ್ನು ತೆಗೆಸಬೇಕು.

ಯಾರ ಮನೆಯಲ್ಲಿ ಕುಳಿತು ಊರನ್ನು ನೋಡುತ್ತೇವೆ ಎಂಬುದರ ಪ್ರಭಾವಕ್ಕೆ ನಮ್ಮ ನಾಡಿನದೇ ಪ್ರಸಿದ್ಧ ನಿದರ್ಶನವಿದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಕೊಡಗಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಗ್ರಂಥದಲ್ಲಿ ಆ ಊರಿಗೆ ರಾಂಪುರವೆಂದು ಹೆಸರಿಟ್ಟರು. ಅವರು ಉಳಿದುಕೊಂಡಿದ್ದುದು ಊರ ಮುಖ್ಯಸ್ಥರಿಗೆ ಸೇರಿದ ಕಟ್ಟಡದಲ್ಲಿ. ತಾವು ಊರನ್ನು ಹೆಚ್ಚಾಗಿ ಮೇಲ್ಜಾತಿಯವರ ಕಣ್ಣಿನಿಂದಲೇ ಕಂಡದ್ದಾಗಿ ಅವರೇ ಮುಂದೆ ಒಪ್ಪಿಕೊಂಡರು. ಅಂತಹ ವಿದ್ವಾಂಸರಿಗೂ ತಪ್ಪದ ಮಿತಿಯಿದು. ಪಂಚಾಯತಿ ಕಚೇರಿಯಲ್ಲಿ ಕುಳಿತು, ಕಚೇರಿಗೆ ಬಂದವರನ್ನು ಮಾತ್ರ ಕೇಳಿ ಬರೆದ ಸಮೀಕ್ಷೆಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಹೋಲಿಕೆಯ ಬಲ

ಒಂದೇ ಊರನ್ನು ನೋಡಿ ಕಾರಣ ಹೇಳುವುದು ಕಷ್ಟ. 1954–56ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ ಮಂಡ್ಯದ ಸುತ್ತಿನ ಎರಡು ಹಳ್ಳಿಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದರ ಸುತ್ತಮುತ್ತ ನೀರಾವರಿಯಿದ್ದರೂ ಅದರ ಹೊಲಗಳಿಗೆ ನೀರು ಏರಲಿಲ್ಲ. ನೀರು ಬಂದ ಊರು ಕಬ್ಬು ಭತ್ತ ಬೆಳೆದು ಸ್ಥಿತಿವಂತವಾಯಿತು, ಆದರೆ ಅಲ್ಲಿನ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಬಾರದ ಊರಿನವರು ಗಾಡಿ ಹೊಡೆಯುವುದು, ಪಟ್ಟಣದ ನೌಕರಿ, ವ್ಯಾಪಾರ ಎಂದು ಹೊರಗೆ ದಾರಿ ಹುಡುಕಿದರು. ಅಲ್ಲಿ ಹಳೆಯ ಕಟ್ಟುಗಳು ಹೆಚ್ಚು ಸಡಿಲಿದವು. ಒಂದೇ ಊರನ್ನು ನೋಡಿದ್ದರೆ ಈ ವ್ಯತ್ಯಾಸ ಹೊಳೆಯುತ್ತಿರಲಿಲ್ಲ. ಎಪ್‌ಸ್ಟೀನ್ 1970ರಲ್ಲಿ ಮರಳಿ ಬಂದು ಅವೇ ಊರುಗಳನ್ನು ಮತ್ತೊಮ್ಮೆ ನೋಡಿದರು.

ಪಂಚಾಯತಿಯ ವ್ಯಾಪ್ತಿಯಲ್ಲಿಯೇ ಇಂತಹ ಜೋಡಿ ಸಿಗುತ್ತದೆ. ಕೆರೆ ತುಂಬಿದ ಹಳ್ಳಿ ಮತ್ತು ತುಂಬದ ಹಳ್ಳಿ. ಕಾಮಗಾರಿ ನವೆಂಬರಿನಲ್ಲಿ ತೆರೆದ ಹಳ್ಳಿ ಮತ್ತು ಏಪ್ರಿಲ್‌ನಲ್ಲಿ ತೆರೆದ ಹಳ್ಳಿ. ನವೆಂಬರಿನಲ್ಲಿ ತೆರೆದ ಕಡೆ ಗುಳೆ ಕಡಿಮೆಯಿದ್ದರೆ ಅದೊಂದು ಸುಳಿವು. ಪುರಾವೆಯೆನ್ನಬೇಕಾದರೆ ಆ ಎರಡು ಊರುಗಳ ಜಮೀನು, ಮಳೆ, ಸಾಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿವೆಯೇ ಎಂದು ನೋಡಿರಬೇಕು. ಸಂಖ್ಯೆ ಚಿಕ್ಕದಿದ್ದಲ್ಲಿ ಶೇಕಡಾವಾರು ಬರೆಯಬಾರದು. ಐದು ಮನೆಗಳಲ್ಲಿ ಮೂರು ಎಂದರೆ ಐದರಲ್ಲಿ ಮೂರು. ಅದನ್ನು ಶೇಕಡ 60 ಎಂದು ಬರೆದರೆ ಓದಿದವರು ಮೋಸಹೋಗುತ್ತಾರೆ.

ತಿಳಿದ ಮೇಲಿನ ಹೊಣೆ

ಮಾತು ಮುಂದುವರಿದಂತೆ ಮುಂಗಡದ ವಿಷಯ ಬರುತ್ತದೆ. ಮದುವೆಗೋ ಆಸ್ಪತ್ರೆಗೋ ಮೇಸ್ತ್ರಿಯಿಂದ ಹಣ ತಂದಿದ್ದೇವೆ, ತೀರುವವರೆಗೆ ಅವನು ಕರೆದಲ್ಲಿಗೆ ಹೋಗಬೇಕು, ಬೇರೆ ಕಡೆ ದುಡಿಯುವಂತಿಲ್ಲ ಎಂದು ಒಬ್ಬರು ಹೇಳಿದರೆ ಅದು ನಮೂನೆಯ ಒಂದು ಅಂಕಣವಾಗಿ ಉಳಿಯುವ ಸಂಗತಿಯಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ ವಿಷಯ. ಆದರೆ ಹೆಸರು ಹೊರಗೆ ಬರುವುದಿಲ್ಲವೆಂದು ನಾವು ಅವರಿಗೆ ಮಾತು ಕೊಟ್ಟಿರುತ್ತೇವೆ. ಈ ಇಕ್ಕಟ್ಟು ಬಂದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಇಂತಹ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿ, ಕಾನೂನಿನಲ್ಲಿ ಅವರಿಗಿರುವ ರಕ್ಷಣೆಯನ್ನು ತಿಳಿಸಿ, ತಾಲ್ಲೂಕು ಆಡಳಿತಕ್ಕೆ ತಿಳಿಸಲು ಅವರ ಒಪ್ಪಿಗೆಯಿದೆಯೇ ಎಂದು ಕೇಳಬೇಕೆಂಬುದನ್ನು ಸಮೀಕ್ಷಕರಿಗೆ ತರಬೇತಿಯ ದಿನವೇ ಹೇಳಿರಬೇಕು. ಒಪ್ಪದಿದ್ದಲ್ಲಿ ಯಾರ ಹೆಸರನ್ನೂ ಹೇಳದೆ, ಊರಿನಲ್ಲಿ ಇಂತಹ ವ್ಯವಹಾರ ನಡೆದಿದೆಯೆಂದು ತಿಳಿಸುವುದಕ್ಕೆ ಅಡ್ಡಿಯಿಲ್ಲ. ಮೇಸ್ತ್ರಿ ಊರಿನವನೇ, ಒಮ್ಮೊಮ್ಮೆ ಸದಸ್ಯರ ನೆಂಟನೇ ಆಗಿರುತ್ತಾನೆಂಬುದನ್ನು ಮರೆಯುವಂತಿಲ್ಲ.

ಇದೇ ಕಾರಣದಿಂದ ನಮೂನೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆಗಳನ್ನು ಕೇಳಬಾರದು. ನಮ್ಮ ಪ್ರಶ್ನೆಗೆ ಅವು ಬೇಕಾಗಿಲ್ಲ. ಮನೆಗೆ ಕ್ರಮಸಂಖ್ಯೆ ಸಾಕು. ಸಂಖ್ಯೆಗೂ ಹೆಸರಿಗೂ ಇರುವ ಪಟ್ಟಿ ಪ್ರತ್ಯೇಕವಾಗಿರಲಿ.

ವರದಿಯು ನಾಲ್ಕೈದು ಪುಟಗಳಿಗೆ ಮೀರದಿರಲಿ. ಅದನ್ನು ಮೊದಲು ಓದಬೇಕಾದುದು ತಾಲ್ಲೂಕು ಪಂಚಾಯತಿಯಲ್ಲಿ ಅಲ್ಲ, ವಾರ್ಡ್ ಸಭೆಯಲ್ಲಿ. ಅದೂ ಗುಳೆ ಹೋದವರು ಊರಿನಲ್ಲಿರುವ ದಿನಗಳಲ್ಲಿ. ಮೇಲೆ ಹೇಳಿದ ಆ ತಾಯಿಯಂತಹವರು ಎದ್ದು ನಿಂತು ತಿದ್ದುವುದು ಅಲ್ಲಿಯೇ. ಅವರು ತಿದ್ದಿದ್ದನ್ನು ವರದಿಗೆ ಸೇರಿಸಿದ ಮೇಲೆ ಗ್ರಾಮ ಸಭೆಗೆ, ಅಲ್ಲಿಂದ ಯೋಜನೆಯ ಕಡತಕ್ಕೆ.

ಭರ್ತಿ ಮಾಡಿದ ನಮೂನೆಗಳನ್ನು ಕಾಪಾಡುವ ವಿಷಯವೊಂದು ಉಳಿದಿದೆ. ಶ್ರೀನಿವಾಸ್ ಅವರು ಹದಿನೆಂಟು ವರ್ಷಗಳ ಕಾಲ ಸಂಸ್ಕರಿಸಿದ್ದ ಟಿಪ್ಪಣಿಗಳ ಎಲ್ಲ ಪ್ರತಿಗಳೂ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಅಧ್ಯಯನ ಕೊಠಡಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು; ಎಲ್ಲವೂ ಒಂದೇ ಕೊಠಡಿಯಲ್ಲಿದ್ದವು. ಅವರು ನೆನಪಿನ ಬಲದಿಂದ ಗ್ರಂಥವನ್ನು ಬರೆದು 1976ರಲ್ಲಿ ಹೊರತಂದರು. ನಮ್ಮಲ್ಲಿ ಬೆಂಕಿಗಿಂತ ಗೆದ್ದಲು, ಸೋರುವ ಮಾಳಿಗೆ ಮತ್ತು ವರ್ಗಾವಣೆಗಳ ಕಾಟ ಹೆಚ್ಚು. ನಮೂನೆಗಳ ಮೂಲ ಪ್ರತಿ ಪಂಚಾಯತಿ ಕಚೇರಿಯಲ್ಲಿಯೂ, ಹೆಸರಿಲ್ಲದ ಜೆರಾಕ್ಸ್ ಪ್ರತಿ ಅರಿವು ಕೇಂದ್ರದಲ್ಲಿಯೂ ಇರಲಿ. ಹೆಸರುಗಳ ಪಟ್ಟಿ ಕಾರ್ಯದರ್ಶಿಯವರ ಬೀರುವಿನಲ್ಲಿ ಬೀಗದೊಳಗಿರಲಿ. ವರದಿ ಗ್ರಾಮ ಸಭೆಯಲ್ಲಿ ಅಂಗೀಕಾರವಾಗಿ, ಮುಂದಿನ ವರ್ಷದ ಎಣಿಕೆಯೂ ಮುಗಿದ ಮೇಲೆ ಅದನ್ನು ಸಭೆಯ ನಡಾವಳಿಯಲ್ಲಿ ನಮೂದಿಸಿ ನಾಶಪಡಿಸಬೇಕು.